ಮೋಸ ಹೋದವರ ಪ್ರಾರ್ಥನೆ

ಮನೆಯಲ್ಲಿ ಕಾಯಿಲೆ ಬಿದ್ದರೆ, ಮಗಳ ಮದುವೆ ಕೂಡಿಬರದಿದ್ದರೆ, ದೋಣಿಗೆ ಹೋದವರು ಹೊತ್ತಿಗೆ ಸರಿಯಾಗಿ ಮರಳದಿದ್ದರೆ ಹೇಗೆ ಪ್ರಾರ್ಥಿಸಬೇಕೆಂದು ನಮ್ಮ ಕರಾವಳಿಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾತು ತಾನಾಗಿಯೇ ಬರುತ್ತದೆ. ಆದರೆ ಯಾರೋ ಸುಳ್ಳು ಹೇಳಿ ದುಡ್ಡು ಹೊಡೆದಾಗ, ನಂಬಿದವರೇ ಬೆನ್ನಿಗೆ ಚೂರಿ ಹಾಕಿದಾಗ, ಇಲ್ಲದ್ದನ್ನು ಹಬ್ಬಿಸಿ ಮಾನ ಕಳೆದಾಗ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ದೇವರ ಮುಂದೆಯೂ ಹೇಳಿಕೊಳ್ಳಲಾಗದ ನಾಚಿಕೆ ಅದು. ತಪ್ಪು ಮಾಡಿದವನು ರಾಜಾರೋಷವಾಗಿ ಓಡಾಡುತ್ತಾನೆ, ಮೋಸ ಹೋದವರು ಮುಖ ಮುಚ್ಚಿಕೊಳ್ಳುತ್ತಾರೆ.

ಉಡುಪಿ ಹತ್ತಿರದ ನಮ್ಮ ಸಭೆಯ ಸ್ತ್ರೀ ಅನ್ಯೋನ್ಯ ಕೂಟದಲ್ಲಿ ಸತ್ಯವೇದದ (ಬೈಬಲಿನ) ಕೀರ್ತನೆಗಳನ್ನು ಓದಿಸಿ ಅರ್ಥ ಹೇಳುವ ಕೆಲಸ ಬಹುಕಾಲದಿಂದ ನನ್ನ ಪಾಲಿಗಿದೆ. ಕನ್ನಡ ಪಾಠ ಹೇಳಿ ನಿವೃತ್ತಳಾದವಳು ನಾನು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಂದಿನಿಂದ ಬೆಳೆದ ಸಭೆಗಳು ನಮ್ಮವು. ಸಂಜೆ ಮನೆಮಂದಿಯೆಲ್ಲ ಕೂತು ಸತ್ಯವೇದ ಓದುವ ರೂಢಿ ಹಳೆಯ ಮನೆಗಳಲ್ಲಿ ಇನ್ನೂ ಉಳಿದಿದೆ. ಬೇರೆ ಬೇರೆ ಮನೆಗಳಲ್ಲಿ ಕೂತು ಓದಿಸುತ್ತಾ ಬಂದ ನನಗೆ ಗಟ್ಟಿಯಾಗಿ ಅನಿಸಿರುವುದು ಇದು: ಸುಳ್ಳಿನಿಂದ, ವಂಚಕರಿಂದ ಕಾಪಾಡು ಎಂಬ ಹಳೆಯ ಪ್ರಾರ್ಥನೆಗಳು ಮೊದಲು ಮಾಡುವ ಉಪಕಾರವೆಂದರೆ ಮೋಸ ಹೋದವರ ಬಾಯಿ ಬಿಡಿಸುವುದು. ಉಳಿದ ಕಾಪಾಡುವಿಕೆ ಅಲ್ಲಿಂದ ಶುರುವಾಗುತ್ತದೆ.

ಕೀರ್ತನೆಗಳು ಒಟ್ಟು 150. ಶತ್ರು ಎಂದರೆ ಕತ್ತಿ ಹಿಡಿದವನು ಎಂದುಕೊಂಡು ಓದಲು ಕೂತವರಿಗೆ ಪುಟಪುಟಕ್ಕೂ ಸಿಗುವುದು ನಾಲಗೆ, ತುಟಿ, ಗಂಟಲು. 12ನೆಯದು, 52ನೆಯದು, 55, 64, 109, 120, 140 ಇವೆಲ್ಲ ಬಾಯಿಂದ ಆದ ಗಾಯಕ್ಕೆ ಇಟ್ಟ ಮೊರೆಗಳು. ಒಂದರಲ್ಲಿ ನಾಲಗೆ ಮಸೆದ ಕ್ಷೌರದ ಕತ್ತಿ, ಇನ್ನೊಂದರಲ್ಲಿ ಹಾವಿನ ಹಲ್ಲಿನ ವಿಷ, ಮತ್ತೊಂದರಲ್ಲಿ ಮರೆಯಿಂದ ಬಿಟ್ಟ ಬಾಣ.

ಇಷ್ಟೇಕೆ ಎಂದರೆ ಅಂದಿನ ಇಸ್ರಾಯೇಲಿನಲ್ಲಿ ನ್ಯಾಯ ನಡೆಯುತ್ತಿದ್ದುದು ಊರಬಾಗಿಲಲ್ಲಿ, ಹಿರಿಯರ ಮುಂದೆ, ಬಹುಪಾಲು ಬಾಯಿಮಾತಿನ ಮೇಲೆ. ಇಬ್ಬರು ಮೂವರು ಸಾಕ್ಷಿ ಹೇಳಿದರೆ ಮಾತು ನಿಂತಿತು. ಹೊಲ, ಮಾನ, ಕೊನೆಗೆ ಜೀವ ಕೂಡ ಅದರ ಮೇಲೆ. ಅದಕ್ಕೇ ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿಗೆಂದೇ ಒಂದು ಆಜ್ಞೆ ಇದೆ. ಸುಳ್ಳುಸಾಕ್ಷಿ ಹೇಳಿ ಸಿಕ್ಕಿಬಿದ್ದವನಿಗೆ, ಅವನು ಎದುರಿನವನಿಗೆ ಏನು ಬಯಸಿದ್ದನೋ ಅದೇ ಶಿಕ್ಷೆ ಎಂದು ಧರ್ಮೋಪದೇಶಕಾಂಡದ 19ನೆಯ ಅಧ್ಯಾಯ ಹೇಳುತ್ತದೆ. ಕಾನೂನು ಇದ್ದೂ ಏನಾಯಿತು ಎಂಬುದಕ್ಕೆ ನಾಬೋತನ ಕಥೆ ಇದೆ. ಪಿತ್ರಾರ್ಜಿತವಾಗಿ ಬಂದ ದ್ರಾಕ್ಷಿತೋಟವನ್ನು ಅರಸ ಅಹಾಬನಿಗೆ ಕೊಡಲೊಪ್ಪದ ನಾಬೋತನ ಮೇಲೆ ರಾಣಿ ಈಜೆಬೆಲಳು ಇಬ್ಬರು ಬಾಡಿಗೆ ಸಾಕ್ಷಿಗಳನ್ನು ಎಬ್ಬಿಸಿದಳು. ಅವರ ಮಾತಿನ ಮೇಲೆಯೇ ಊರ ಹೊರಗೆ ಅವನನ್ನು ಕಲ್ಲೆಸೆದು ಕೊಂದರು. ಇಂಥ ಊರಬಾಗಿಲಲ್ಲಿ ಸೋತವನಿಗೆ ಮೇಲ್ಮನವಿ ಸಲ್ಲಿಸಲು ಉಳಿದಿದ್ದು ದೇವರ ಪೀಠ ಒಂದೇ. ಈ ಕೀರ್ತನೆಗಳಿಗೆ ದೂರಿನ ದನಿ ಬಂದಿರುವುದು ಹಾಗೆ.

ನಾನು ಯಾವಾಗಲೂ ನಿಧಾನವಾಗಿ ಓದಿಸುವುದು 52ನೆಯದನ್ನು. ಎದೋಮ್ಯನಾದ ದೋಯೇಗನು ಹೋಗಿ ಸೌಲನಿಗೆ ತಿಳಿಸಿದ ಸಂದರ್ಭದ್ದು ಎಂದು ಅದರ ಶಿರೋನಾಮೆ ಹೇಳುತ್ತದೆ. ಕಥೆ ಸಮುವೇಲನ ಮೊದಲ ಪುಸ್ತಕದ 21, 22ನೆಯ ಅಧ್ಯಾಯಗಳಲ್ಲಿದೆ. ಅರಸ ಸೌಲನಿಂದ ತಲೆತಪ್ಪಿಸಿಕೊಂಡು ಓಡುತ್ತಿದ್ದ ದಾವೀದ ಹಸಿದು ನೋಬ್ ಎಂಬ ಯಾಜಕರ ಊರಿಗೆ ಬರುತ್ತಾನೆ. ಯಾಜಕ ಅಹೀಮೆಲೆಕನಿಗೆ ಗಾಬರಿ: ಒಬ್ಬನೇ ಯಾಕೆ ಬಂದೆ? ಅರಸನ ಗುಟ್ಟಿನ ಕೆಲಸದ ಮೇಲೆ ಬಂದಿದ್ದೇನೆ ಎಂದು ದಾವೀದ ಹೇಳಿದ. ಅದು ಸುಳ್ಳು. ಆ ಮಾತು ನಂಬಿ ಯಾಜಕ ದೇವರ ಮುಂದಿಟ್ಟಿದ್ದ ರೊಟ್ಟಿಯನ್ನೂ ಗೊಲ್ಯಾತನ ಕತ್ತಿಯನ್ನೂ ತೆಗೆದುಕೊಟ್ಟ. ಅಲ್ಲೇ ನಿಂತಿದ್ದ ಸೌಲನ ಸೇವಕ ದೋಯೇಗ ಎಲ್ಲವನ್ನೂ ನೋಡಿದ. ಆಮೇಲೆ ಅರಸನೆದುರು ರೊಟ್ಟಿ ಕೊಟ್ಟದ್ದನ್ನೂ ಕತ್ತಿ ಕೊಟ್ಟದ್ದನ್ನೂ ವರದಿ ಮಾಡಿದ. ಅವೆರಡೂ ನಡೆದ ಸಂಗತಿಗಳೇ. ಆದರೆ ಆ ಯಾಜಕನಿಗೆ ವಿಷಯವೇ ಗೊತ್ತಿರಲಿಲ್ಲ, ಅರಸನ ಅಳಿಯನೆಂಬ ಗೌರವದಿಂದ ಕೊಟ್ಟ ಎಂಬ ಒಂದು ಮಾತನ್ನು ಅವನು ನುಂಗಿಕೊಂಡ. ಆ ಒಂದು ಮಾತಿಲ್ಲದೆ ಉಪಕಾರ ರಾಜದ್ರೋಹವಾಯಿತು. ಯಾಜಕರ ಮೇಲೆ ಕೈಯೆತ್ತಲು ಸೌಲನ ಕಾವಲಿನವರೇ ಒಪ್ಪಲಿಲ್ಲ. ದೋಯೇಗನೇ ನಿಂತು 85 ಮಂದಿಯನ್ನು ಕಡಿದ. ಹೆಂಗಸರು, ಮೊಲೆಗೂಸುಗಳು, ದನಕುರಿ ಸಮೇತ ಊರೇ ನಾಶವಾಯಿತು.

ತಪ್ಪಿಸಿಕೊಂಡು ಬಂದವನು ಯಾಜಕನ ಮಗ ಎಬ್ಯಾತಾರ ಒಬ್ಬನೇ. ಅವನೆದುರು ದಾವೀದ ಒಪ್ಪಿಕೊಳ್ಳುತ್ತಾನೆ: ದೋಯೇಗ ಅಲ್ಲಿದ್ದನೆಂದು ಅಂದೇ ನನಗೆ ಗೊತ್ತಿತ್ತು, ನಿನ್ನ ತಂದೆಯ ಮನೆಯವರ ಸಾವಿಗೆ ಕಾರಣ ನಾನು. ವಂಚಕ ನಾಲಗೆಯ ವಿರುದ್ಧದ ಈ ಕೀರ್ತನೆಯನ್ನು ಪರಂಪರೆ ಇದೇ ದಾವೀದನ ಹೆಸರಿಗೆ ಬರೆದಿಟ್ಟಿದೆ. ಸುಳ್ಳು ಹೇಳಿಯೇ ಇಲ್ಲದವರಿಗೆ ಮಾತ್ರ ಈ ಪ್ರಾರ್ಥನೆ ಎಂದಿದ್ದರೆ ಇದನ್ನು ಹೇಳಲು ಯಾರೂ ಉಳಿಯುತ್ತಿರಲಿಲ್ಲ.

ಈಗ ನಮ್ಮ ಕೂಟದ್ದೇ ಒಂದು ಸಂಗತಿ. ಅವರು ಒಪ್ಪಿ ಬರೆಯಲು ಹೇಳಿದ್ದರಿಂದ ಬರೆಯುತ್ತಿದ್ದೇನೆ, ಹೆಸರು ಬೇಡ. ನರ್ಸ್ ಆಗಿ ದುಡಿದು ನಿವೃತ್ತರಾದವರು, ಒಬ್ಬರೇ ಇರುತ್ತಾರೆ. ಒಂದು ದಿನ ಫೋನ್ ಬಂತು. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ಕೇಸಾಗಿದೆ. ವಿಡಿಯೋ ಕಾಲ್‌ನಲ್ಲಿ ಪೊಲೀಸ್ ಉಡುಪಿನವನು, ಹಿಂದೆ ಗೋಡೆಗೆ ಲಾಂಛನ. ನೀವು ‘ಡಿಜಿಟಲ್ ಅರೆಸ್ಟ್’ನಲ್ಲಿದ್ದೀರಿ, ಕ್ಯಾಮೆರಾದ ಮುಂದಿನಿಂದ ಕದಲಬಾರದು, ಯಾರಿಗೂ ಹೇಳಬಾರದು. ಇವರು ಫೋನನ್ನು ಅಡುಗೆಮನೆಯ ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು, ಅದರ ಕಣ್ಣೆದುರೇ ಗಂಜಿ ಕುಡಿದು, ಕುರ್ಚಿಯಲ್ಲೇ ರಾತ್ರಿ ಕಳೆದರು. ಮರುದಿನ ಬ್ಯಾಂಕಿಗೆ ಹೋಗಿ ಠೇವಣಿ ಮುರಿಸಿದರು. ಏನಕ್ಕೆ ಇಷ್ಟು ದುಡ್ಡು ಎಂದು ಅಲ್ಲಿಯವರು ಕೇಳಿದ್ದರಂತೆ. ಮಗನ ಮನೆ ಕೆಲಸಕ್ಕೆ ಎಂದು, ಫೋನಿನವನು ಹೇಳಿಕೊಟ್ಟಂತೆಯೇ ಹೇಳಿ ಹಣ ಕಳಿಸಿಬಿಟ್ಟರು.

ಆಮೇಲೆ ಯಾರಿಗೂ ಹೇಳಲಿಲ್ಲ. ಮಗನಿಗೂ ಇಲ್ಲ. ಕೂಟಕ್ಕೆ ಬರುತ್ತಿದ್ದರು, ಹಿಂದಿನ ಬೆಂಚಿನಲ್ಲಿ ಕೂತು ಹೋಗುತ್ತಿದ್ದರು. ಒಂದು ಬುಧವಾರ 55ನೆಯ ಕೀರ್ತನೆಯ ಸರದಿ. ಶತ್ರು ಹೀಗೆ ಮಾಡಿದ್ದರೆ ತಾಳಿಕೊಳ್ಳುತ್ತಿದ್ದೆ, ಮಾಡಿದವನು ಜೊತೆಗಾರ, ಅವನ ಮಾತು ಬೆಣ್ಣೆಯಂತೆ ನುಣುಪು ಎಂದು ಒಬ್ಬ ಅಳುವ ಪ್ರಾರ್ಥನೆ ಅದು. ಓದಿ ಮುಗಿದ ಮೇಲೆ ಎಲ್ಲರೂ ಎದ್ದರು, ಅವರು ಏಳಲಿಲ್ಲ. “ಟೀಚರ್, ದುಡ್ಡು ಹೋದದ್ದು ಹೋಯಿತು. ಬ್ಯಾಂಕಿನ ಆ ಹುಡುಗಿಗೆ ಸುಳ್ಳು ಹೇಳಿದ್ದು ನಾನಲ್ಲವೇ” ಎಂದರು. “ಅಕ್ಕ, ಆ ಸುಳ್ಳೂ ಅವನದ್ದೇ. ನಿಮ್ಮ ಬಾಯಲ್ಲಿ ಹೇಳಿಸಿದ್ದಾನೆ” ಎಂದೆ. ಅಹೀಮೆಲೆಕನ ಕಥೆ ನೆನಪಿಸಿದೆ. ಆಗ ಎಲ್ಲ ಹೊರಗೆ ಬಂತು.

ಈ ದಂಧೆಯ ಜೀವಾಳವೇ ‘ಯಾರಿಗೂ ಹೇಳಬೇಡಿ’ ಎಂಬ ಆ ಅಪ್ಪಣೆ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಪ್ರಧಾನಿಯವರೇ 2024ರ ಅಕ್ಟೋಬರ್‌ನಲ್ಲಿ ಆಕಾಶವಾಣಿಯ ‘ಮನ್ ಕಿ ಬಾತ್’ನಲ್ಲಿ ಇದನ್ನು ಹೇಳಿ ಎಚ್ಚರಿಸಿದ್ದರು. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ವಂಚಕರು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದುಡ್ಡು ದಾಟಿಸುತ್ತಾ ಹೋಗುತ್ತಾರೆ. ಬೇಗ ದೂರು ಬಂದರೆ ನಡುವೆ ಎಲ್ಲಾದರೂ ತಡೆಹಿಡಿಯಲು ಸಾಧ್ಯ. ನಾವು ಅಂದೇ ಫೋನ್ ಮಾಡಿ, ಮಾರನೆಯ ದಿನ ಅವರ ಜೊತೆ ಸೈಬರ್ ಅಪರಾಧಗಳ ಠಾಣೆಗೆ ಹೋದೆವು. ತಡವಾಗಿತ್ತು, ದುಡ್ಡು ಸಿಗಲಿಲ್ಲ. ಅಕ್ಕ ಮಗನಿಗೆ ಹೇಳಿದರು. ಈಗ ಮುಂದಿನ ಬೆಂಚಿನಲ್ಲಿ ಕೂರುತ್ತಾರೆ, ಹೊಸದಾಗಿ ಸ್ಮಾರ್ಟ್‌ಫೋನ್ ಹಿಡಿದ ಅಜ್ಜಿಯರಿಗೆ ಈ ಮೋಸದ ಪಾಠ ಹೇಳುವವರು ಅವರೇ.

ಪ್ರಾರ್ಥನೆ ಮಾಡಿದಿರಲ್ಲ, ಮತ್ತೆ ಠಾಣೆ ಯಾಕೆ ಎಂದು ಕೇಳುವವರಿದ್ದಾರೆ. ಅವರಿಗೆ ದಾವೀದ ಅರಸನಾದ ಮೇಲಿನ ಕಥೆ ಹೇಳುತ್ತೇನೆ. ಮಗ ಅಬ್ಷಾಲೋಮ ದಂಗೆಯೆದ್ದಾಗ ಆಪ್ತ ಮಂತ್ರಿ ಅಹೀತೋಫೆಲನೂ ಆ ಕಡೆ ಸೇರಿದ ಸುದ್ದಿ ದಾವೀದನಿಗೆ ಬರುತ್ತದೆ. ಅಳುತ್ತಾ, ಬರಿಗಾಲಲ್ಲಿ ಗುಡ್ಡ ಹತ್ತುತ್ತಿದ್ದ ಅವನು ಅಹೀತೋಫೆಲನ ಆಲೋಚನೆಯನ್ನು ಕೆಡಿಸು ಎಂದು ಪ್ರಾರ್ಥಿಸಿದ. ಗುಡ್ಡದ ತುದಿ ಮುಟ್ಟಿದಾಗ ಗೆಳೆಯ ಹೂಷೈ ಎದುರಾದ. ಕೂಡಲೇ ಅವನನ್ನು ಪಟ್ಟಣಕ್ಕೆ ವಾಪಸು ಕಳಿಸಿ, ಆ ಆಲೋಚನೆ ಮುರಿಯುವ ಕೆಲಸ ಒಪ್ಪಿಸಿದ. ಪ್ರಾರ್ಥನೆಗೂ ಕೆಲಸಕ್ಕೂ ನಡುವೆ ಒಂದು ಗುಡ್ಡದ ಏರಿನಷ್ಟೇ ದೂರ. ಹೂಷೈ ಅಬ್ಷಾಲೋಮನ ಮುಂದೆ ಮಾಡಿದ್ದೂ ನಿಷ್ಠೆಯ ನಾಟಕವೇ, ಸತ್ಯವೇದ ಅದನ್ನು ಮುಚ್ಚಿಡುವುದಿಲ್ಲ.

ಕಷ್ಟದ್ದು 109ನೆಯದು. ಸುಳ್ಳು ನಾಲಗೆಯವರು ಸುತ್ತುವರಿದಿದ್ದಾರೆ ಎಂದು ಶುರುವಾಗಿ ವೈರಿಯ ಹೆಂಡತಿ ಮಕ್ಕಳವರೆಗೂ ಶಾಪ ಹರಿಯುತ್ತದೆ. ಎರಡನೆಯ ವ್ಯಾಟಿಕನ್ ಸಮಾವೇಶದ ಬಳಿಕ ಪರಿಷ್ಕರಿಸಿದ ಕಥೋಲಿಕ ದೈನಿಕ ಪ್ರಾರ್ಥನೆಯಿಂದ 58, 83, 109 ಈ ಮೂರನ್ನು ಪೂರ್ತಿ ಕೈಬಿಟ್ಟರು. ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ನಾನು ಬಿಡುವುದಿಲ್ಲ. ಜರ್ಮನಿಯ ಪಾಸ್ಟರ್ ಡೀಟ್ರಿಶ್ ಬಾನ್‌ಹಾಫರ್, ಸುಳ್ಳೇ ಸರಕಾರವಾಗಿದ್ದ ನಾಜಿಗಳ ಕಾಲದಲ್ಲಿ, 1937ರಲ್ಲಿ 58ನೆಯ ಕೀರ್ತನೆಯ ಮೇಲೆಯೇ ಪ್ರಸಂಗ ಮಾಡಿದರು. 1940ರಲ್ಲಿ ಕೀರ್ತನೆಗಳನ್ನು ಕುರಿತು ಒಂದು ಪುಟ್ಟ ಪುಸ್ತಕ ಬರೆದರು. ಸೇಡನ್ನು ದೇವರಿಗೆ ಒಪ್ಪಿಸಿದವನು ಅದನ್ನು ತನ್ನ ಕೈಯಿಂದ ಬಿಟ್ಟಿದ್ದಾನೆ ಎಂಬುದು ಅವರ ವಾದದ ತಿರುಳು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು. ಸೇಡನ್ನು ಹೀಗೆ ಮೇಲಿನವರಿಗೆ ಒಪ್ಪಿಸುವುದು ನಮ್ಮ ತುಳುನಾಡಿನವರಿಗೆ ಹೊಸತೇನಲ್ಲ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕಲ್ಕುಡನ ಒಂದು ಕೈ ಒಂದು ಕಾಲನ್ನು ಅರಸ ಕಡಿಸಿದನೆಂದೂ ತಂಗಿ ಕಲ್ಲುರ್ಟಿ ಅದಕ್ಕೆ ಲೆಕ್ಕ ಕೇಳಿದಳೆಂದೂ ಪಾಡ್ದನ ಹೇಳುತ್ತದೆ. ವಂಚನೆಯಾದಾಗ, ಈಗ ದೈವವಾಗಿರುವ ಆ ಕಲ್ಲುರ್ಟಿಗೆ ಹೇಳಿಕೊಂಡಿದ್ದೇನೆ ಎನ್ನುವ ನೆರೆಮನೆಯವರಿಗೂ ಅಷ್ಟರಲ್ಲಿ ಅರ್ಧ ಭಾರ ಇಳಿದಿರುತ್ತದೆ. ನಂಬಿಕೆ ಬೇರೆ ಬೇರೆ, ಆ ನಿಟ್ಟುಸಿರು ಒಂದೇ ಎಂದು ನನಗೆ ಅನಿಸಿದೆ.

ಯೆಹೂದ್ಯರು ದಿನಕ್ಕೆ ಮೂರು ಸಲ ನಿಂತು ಮಾಡುವ ‘ಅಮೀದಾ’ ಪ್ರಾರ್ಥನೆಯ ಕೊನೆಗೆ ಒಂದು ಸ್ವಂತ ಮೊರೆ ಸೇರಿಕೊಂಡಿದೆ. ತಲ್ಮೂದ್ ಅದನ್ನು ಮಾರ್ ಬಾರ್ ರವೀನ ಎಂಬ ಗುರುವಿನದೆಂದು ದಾಖಲಿಸಿದೆ. ತನ್ನ ಕೇಡು ಬಯಸುವವರ ಸಂಚು ಮುರಿಯಲಿ ಎಂದು ಅದರಲ್ಲೂ ಕೇಳಿದ್ದಾರೆ, ಆದರೆ ಅದಕ್ಕೂ ಮುಂಚೆ ತನ್ನ ನಾಲಗೆಯನ್ನು ಕೇಡಿನಿಂದ, ತನ್ನ ತುಟಿಯನ್ನು ಕಪಟದಿಂದ ಕಾಯುವಂತೆ ಬೇಡಿದ್ದಾರೆ. 141ನೆಯ ಕೀರ್ತನೆಯೂ ಬಾಯಿಗೆ ಕಾವಲಿಡು ಎನ್ನುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ಬಂದದ್ದನ್ನೆಲ್ಲ ಹಿಂದುಮುಂದು ನೋಡದೆ ಮುಂದೆ ಕಳಿಸುವ ನಾವು ಈ ಬೇಡಿಕೆಯನ್ನು ಬೆಳಿಗ್ಗೆಯೇ ಮಾಡಿಕೊಳ್ಳಬೇಕು ಎಂದು ಕೂಟದಲ್ಲಿ ಹೇಳುತ್ತಿರುತ್ತೇನೆ. ದೋಯೇಗನಂತೆ ಕಂಡ ಅರ್ಧವನ್ನು ಮಾತ್ರ ದಾಟಿಸುವವರು ನಮ್ಮ ಗುಂಪುಗಳಲ್ಲೂ ಇದ್ದಾರೆ.

ಮೋಸ ಹೋದವರು ಎಲ್ಲಿಂದ ಓದಲಿ ಎಂದು ಕೇಳಿದರೆ 120ರಿಂದ ಎನ್ನುತ್ತೇನೆ. ಜೆರುಸಲೇಮಿಗೆ ಹೋಗುವ ಯಾತ್ರಿಕರ 15 ಹಾಡುಗಳಲ್ಲಿ ಅದೇ ಮೊದಲನೆಯದು, ಏಳೇ ವಚನ. ಉತ್ತರದ ಮೆಷೆಕ್, ಅರಬ್ ಮರುಭೂಮಿಯ ಕೇದಾರ್ ಎರಡರಲ್ಲೂ ಬಿಡಾರ ಹೂಡಿರುವೆನೆಂದು ಹಾಡುವವನ ಗೋಳು. ಒಂದಕ್ಕೊಂದು ಅಷ್ಟು ದೂರವಿರುವ ಎರಡು ನಾಡುಗಳಲ್ಲಿ ಒಬ್ಬನೇ ಇರುವುದು ಸಾಧ್ಯವಿಲ್ಲ, ಎಲ್ಲಿದ್ದರೂ ಪರಕೀಯರ ನಡುವೆ ಎಂದು ಅದರ ಅರ್ಥ. ನಾನು ಸಮಾಧಾನ ಬಯಸಿದರೂ ಬಾಯಿಬಿಟ್ಟ ಕೂಡಲೇ ಅವರು ಜಗಳಕ್ಕೆ ನಿಲ್ಲುತ್ತಾರೆ ಎಂಬಲ್ಲಿಗೆ ಹಾಡು ಥಟ್ಟನೆ ನಿಲ್ಲುತ್ತದೆ. ಪರಿಹಾರವಿಲ್ಲ, ಸಾಂತ್ವನವಿಲ್ಲ. ಮರುಪುಟದಲ್ಲೇ ಎಲ್ಲರಿಗೂ ಬಾಯಿಪಾಠವಾಗಿರುವ, ಬೆಟ್ಟಗಳ ಕಡೆ ಕಣ್ಣೆತ್ತಿ ಧೈರ್ಯ ತಂದುಕೊಳ್ಳುವ 121 ಇದೆ. ಆತುರಪಟ್ಟು ಅದಕ್ಕೆ ಜಿಗಿಯಬೇಡಿ ಎಂದು ಅವರ ಮನೆಯವರಿಗೂ ಹೇಳುತ್ತೇನೆ. ಆ ದಿನ 120 ಸಾಕು. ನಡೆದದ್ದನ್ನು ಅವರು ಮೊದಲಿನಿಂದ ಹೇಳಲಿ, ಮನೆಯವರು ನಡುವೆ ಬಾಯಿ ಹಾಕದೆ ಕೇಳಲಿ.