ತೆಳುಗಾಳಿಯ ಲೆಕ್ಕ

1996ರ ಏಪ್ರಿಲ್ 11ರ ಬೆಳಿಗ್ಗೆ ಅಮೆರಿಕದ ವಯೋಮಿಂಗ್ ರಾಜ್ಯದ ಶಯಾನ್ ನಿಲ್ದಾಣದಿಂದ, ಗುಡುಗು ಮಳೆ ಮೈಮೇಲೆ ಬರುತ್ತಿದ್ದಾಗಲೇ ಮೇಲೇರಿದ ಸೆಸ್ನಾ 177ಬಿ ವಿಮಾನ ಸ್ವಲ್ಪ ಹೊತ್ತಿನಲ್ಲೇ ನೆಲಕ್ಕಪ್ಪಳಿಸಿತು. ಒಳಗಿದ್ದ 7 ವರ್ಷದ ಹುಡುಗಿ, ಅವಳ ತಂದೆ, ತರಬೇತುದಾರ ಮೂವರೂ ಸತ್ತರು. ದೇಶದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಹಾರಿದ ಅತಿ ಕಿರಿಯಳೆಂಬ ದಾಖಲೆಗೆ ಹೊರಟ ಪಯಣವದು. ಮಗುವಿನ ಕೈಗೆ ವಿಮಾನ ಕೊಟ್ಟರಲ್ಲ ಎಂದು ಜನ ಸಿಟ್ಟಾದರು. ಅಂಥ ದಾಖಲೆಯ ಹಾರಾಟಗಳನ್ನು ತಡೆಯುವ ಕಾನೂನೂ ಅದೇ ವರ್ಷ ಬಂತು. ಆದರೆ ತನಿಖಾ ಮಂಡಳಿಯ ಪ್ರಕಾರ ಆಗ ವಿಮಾನ ನಡೆಸುತ್ತಿದ್ದವನು ತರಬೇತುದಾರ. ಮಂಡಳಿ ಬೆರಳು ತೋರಿಸಿದ್ದು ಆ ಹವೆಯಲ್ಲಿ, ಆ ಭಾರ ಹೊತ್ತು, ಆ ಎತ್ತರದಿಂದ ಹೊರಡುವ ಅವನ ನಿರ್ಧಾರದ ಕಡೆಗೆ. ಸಣ್ಣ ವಿಮಾನಗಳ ಟೇಕಾಫ್ ಅಪಘಾತಗಳಲ್ಲಿ ಬಹಳಷ್ಟು ಹೀಗೆಯೇ, ಚಕ್ರ ಉರುಳುವ ಮೊದಲೇ ಶುರುವಾಗಿರುತ್ತವೆ.

ಶಯಾನ್ ಸಮುದ್ರಮಟ್ಟದಿಂದ ಸುಮಾರು 6,150 ಅಡಿ ಮೇಲಿದೆ. ಅಂದಿನ ಗಾಳಿಯೋ 6,670 ಅಡಿಯಲ್ಲಿರಬೇಕಾದಷ್ಟು ತೆಳು. ಪೈಲಟ್‌ಗಳು ಇದನ್ನು ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ: ನಕ್ಷೆ ಹೇಳುವ ಎತ್ತರವಲ್ಲ, ರೆಕ್ಕೆಗೂ ಎಂಜಿನ್ನಿಗೂ ಅನುಭವಕ್ಕೆ ಬರುವ ಎತ್ತರ. ತೆಳುಗಾಳಿಯಲ್ಲಿ ಅಷ್ಟೇ ಎತ್ತುಬಲ ಹುಟ್ಟಬೇಕಾದರೆ ಹೆಚ್ಚು ವೇಗ ಬೇಕು, ಅದಕ್ಕೆ ಉದ್ದ ಓಟ ಬೇಕು. ಟರ್ಬೊ ಇಲ್ಲದ ಎಂಜಿನ್ ಅಷ್ಟು ಎತ್ತರದಲ್ಲಿ ತನ್ನ ಶಕ್ತಿಯ ಸುಮಾರು ಐದನೇ ಒಂದು ಪಾಲು ಕಳೆದುಕೊಂಡಿರುತ್ತದೆ. ಬೆಟ್ಟದೂರುಗಳ ಸಮಸ್ಯೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಸುಮಾರು 3,000 ಅಡಿ ಎತ್ತರದ ಬೆಂಗಳೂರಿನ ಜಕ್ಕೂರಿನಲ್ಲಿ ಬಿಸಿಲು 35 ಡಿಗ್ರಿ ಮುಟ್ಟಿದರೆ ರೂಢಿಯ ಸೂತ್ರದಂತೆ ಡೆನ್ಸಿಟಿ ಆಲ್ಟಿಟ್ಯೂಡ್ 6,000 ಅಡಿ ದಾಟುತ್ತದೆ.

ಆ ಸೆಸ್ನಾದಲ್ಲಿ ಮಿತಿ ಮೀರಿದ ಭಾರ 96 ಪೌಂಡು, ಅಂದರೆ ಸುಮಾರು 44 ಕಿಲೊ. ಒಟ್ಟು ತೂಕ 2,500 ಪೌಂಡಿನವರೆಗೆ ಇರಬಹುದಾದ ವಿಮಾನಕ್ಕೆ ಇದು ನೂರಕ್ಕೆ ನಾಲ್ಕೂ ಅಲ್ಲ, ಇಷ್ಟಕ್ಕೆ ವಿಮಾನ ಬೀಳುತ್ತದೆಯೇ ಎಂದು ಕೇಳಬಹುದು. ಬರೀ ಇದರಿಂದಲೇ ಬೀಳುವುದಿಲ್ಲ, ನಿಜ. ಹೆಚ್ಚು ಭಾರ ಹೇರಿಕೊಂಡು ಹೋಗಿ ಸುಖವಾಗಿ ಇಳಿದವರೂ ಇದ್ದಾರೆ. ಆದರೆ ವಿಮಾನ ಮೇಲೇರುವುದು ಎಂಜಿನ್ನಿನ ಪೂರ್ತಿ ಶಕ್ತಿಯಿಂದಲ್ಲ, ಮಟ್ಟಸವಾಗಿ ಹಾರಲು ಬೇಕಾದಷ್ಟು ಖರ್ಚಾಗಿ ಮಿಕ್ಕಿದ್ದರಿಂದ. ಸಂಬಳದ ಸಣ್ಣ ಕಡಿತ ತಿಂಗಳ ಕೊನೆಯ ಉಳಿತಾಯವನ್ನೇ ನುಂಗುವ ಹಾಗೆ, ತೆಳುಗಾಳಿ, ಭಾರ, ಮಳೆ, ತಿರುವು ಎಲ್ಲವೂ ಕಚ್ಚುವುದು ಈ ಮಿಕ್ಕಿದ್ದನ್ನೇ. ಇನ್ನೊಂದು ಮೋಸವೂ ಇದೆ. ನೆಲಕ್ಕೆ ತೀರ ಹತ್ತಿರದಲ್ಲಿ ರೆಕ್ಕೆಯ ಮೇಲಿನ ಎಳೆತ ಕಡಿಮೆ. ಭಾರದ ವಿಮಾನವೂ ಅಲ್ಲಿ ಎದ್ದುಬಿಡುತ್ತದೆ, ಆಮೇಲೆ ಏರಲು ತಿಣುಕುತ್ತದೆ. ಗಾಬರಿಯಾದ ಪೈಲಟ್ ಮೂಗನ್ನು ಇನ್ನಷ್ಟು ಮೇಲೆತ್ತಿದರೆ ವೇಗ ಕುಸಿದು ರೆಕ್ಕೆ ಸ್ಟಾಲ್ ಆಗುತ್ತದೆ, ಅಂದರೆ ಎತ್ತುಬಲ ಕಳೆದುಕೊಳ್ಳುತ್ತದೆ, ಸರಿಪಡಿಸಿಕೊಳ್ಳಲು ಕೆಳಗೆ ಎತ್ತರವಿರುವುದಿಲ್ಲ.

ಎಂಜಿನ್ನೇ ಕೈಕೊಟ್ಟರೆ ಯಾವ ಲೆಕ್ಕ ಕಾಯುತ್ತದೆ? ಎಂಜಿನ್ ನಿಲ್ಲುವುದು ಪೈಲಟ್‌ನ ಕೈಯಲ್ಲಿಲ್ಲ, ಒಪ್ಪೋಣ. ಆದರೂ ಅನೇಕ ಸಲ ಪ್ರಾಣ ಹೋಗುವುದು ಎಂಜಿನ್ ನಿಂತದ್ದರಿಂದಲ್ಲ, ರನ್‌ವೇಗೇ ಮರಳಲೆಂದು ಕೆಳಮಟ್ಟದಲ್ಲಿ ಕಡಿದಾಗಿ ತಿರುಗಿಸಿದ್ದರಿಂದ. ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿ ತಿರುಗಲು ಹೋದರೆ ಸ್ಟಾಲ್ ಆಗುವ ವೇಗ ಸುಮಾರು 19 ಪ್ರತಿಶತ ಏರುತ್ತದೆ, ಇತ್ತ ವಿಮಾನದ ವೇಗ ಇಳಿಯುತ್ತಿರುತ್ತದೆ. ಎಷ್ಟು ಅಡಿ ಏರುವವರೆಗೆ ಹಿಂದಿರುಗುವ ಯೋಚನೆಯನ್ನೇ ಮಾಡಬಾರದು, ಎದುರಿನ ಯಾವ ಬಯಲಿನಲ್ಲಿ ಇಳಿಸಬೇಕು ಎಂಬುದನ್ನು ರನ್‌ವೇ ತುದಿಯಲ್ಲಿ ನಿಂತಾಗಲೇ ಗಟ್ಟಿಯಾಗಿ ಹೇಳಿಕೊಳ್ಳುವಂತೆ ಕಲಿಸುವುದು ಇದೇ ಕಾರಣಕ್ಕೆ.