ಅಪ್‌ಡೇಟ್ ಕೇಳುವುದು ನಿಂತಾಗ

ನುಂಗಂಬಾಕ್ಕಂನ ಆಡಿಟರ್ ಆಫೀಸೊಂದರಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದು. ತಿಂಗಳ 20ರೊಳಗೆ ಜಿಎಸ್‌ಟಿ ರಿಟರ್ನ್ಸ್ ಹಾಕುವ ಗಡಿಬಿಡಿಯಲ್ಲೇ ಪರದೆಯ ಮೂಲೆಯಲ್ಲಿ ‘ರೀಸ್ಟಾರ್ಟ್ ಮಾಡಿ’ ಎಂಬ ಸೂಚನೆ. ‘ಅಪ್ಪುರಂ ಪಾಕ್ಕಲಾಂ’ ಎಂದು ಎಲ್ಲರೂ ಮುಚ್ಚುತ್ತಿದ್ದರು, ನಾನೂ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10, ಆಫೀಸ್ 2016 ಮತ್ತು 2019ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿಯಿತು. ನಮ್ಮ ಎರಡು ಹಳೆಯ ಯಂತ್ರಗಳು ಸುಮ್ಮನಾದವು. ‘ಪೀಡೆ ತೊಲಗಿತು’ ಎಂದರು ಸಹೋದ್ಯೋಗಿ. ನನಗೆ ಭಯವಾಯಿತು. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ವನ್ನಾಕ್ರೈಗೆ ಮದ್ದು ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಈ ಯಂತ್ರಗಳಿಗೆ ಇನ್ನು ಮದ್ದೇ ಬರುವುದಿಲ್ಲ.

ಬದಲಿ ಬರುವವರೆಗೆ ಅವೆರಡರ ಇಂಟರ್‌ನೆಟ್ ಕಿತ್ತಿದ್ದೇನೆ. ಉಳಿದವಕ್ಕೆ, ಎರಡನೇ ಮಂಗಳವಾರ ಬಿಡುಗಡೆಯಾಗುವ ಅಪ್‌ಡೇಟನ್ನು ಆ ಶನಿವಾರ ಸಂಜೆ ಬ್ಯಾಕಪ್ ತೆಗೆದು ಹಾಕುತ್ತೇನೆ. ಯಾವ ತಿಂಗಳಾದರೂ 20ಕ್ಕೆ ಮೊದಲೇ ಮುಗಿಯುತ್ತದೆ.