ಮೂಗು ಯಾಕೆ ಓರೆ?

ಅಮೆರಿಕದ ಒರೆಗಾನ್ ರಾಜ್ಯದ ವ್ಯಾನ್ಸ್ ಕಂಪನಿಯ ಕಿಟ್ ತರಿಸಿ ಮನೆಯ ಗ್ಯಾರೇಜಿನಲ್ಲೇ ಜೋಡಿಸಿದ ಆರ್‌ವಿ ವಿಮಾನಗಳು ಹತ್ತು ಸಾವಿರಕ್ಕೂ ಹೆಚ್ಚು ಹಾರಿವೆ. ಇಂಥ ವಿಮಾನವನ್ನು ಮೊದಲ ಸಲ ಹಾರಿಸಿದವರಿಗೆ ಆಗಾಗ ಎದುರಾಗುವ ತಕರಾರೊಂದಿದೆ. ರೆಕ್ಕೆಗಳು ಸಮವಾಗಿವೆ, ಪೆಡಲ್ ಒತ್ತಿಲ್ಲ, ಆದರೂ ಮೂಗು ಒಂದು ಕಡೆಗೆ ಸರಿಯುತ್ತದೆ. ಪೈಲಟರು ಇದಕ್ಕೆ ‘ಯಾ’ ಎನ್ನುತ್ತಾರೆ. ನಿನ್ನೆಯವರೆಗೆ ಇಲ್ಲದ್ದು ಇಂದು ಹಾರುವಾಗ ದಿಢೀರನೆ ಬಂದರೆ ಪರೀಕ್ಷೆಗೆ ಕೈಹಾಕಬಾರದು. ಮೊದಲು ಇಳಿದು ಬಾಲದ ಚುಕ್ಕಾಣಿಯಾದ ರಡ್ಡರಿನ ಕೀಲು, ಕೇಬಲ್ ನೋಡಬೇಕು.

ಸ್ವಲ್ಪ ಓರೆ ಸಹಜವೇ. ಸಾಮಾನ್ಯ ಲೈಕಮಿಂಗ್ ಎಂಜಿನ್‌ನ ಪ್ರೊಪೆಲ್ಲರ್, ಪೈಲಟ್ ಕಡೆಯಿಂದ ನೋಡಿದರೆ ಬಲಕ್ಕೆ ಸುತ್ತುತ್ತದೆ. ಸುರುಳಿಯಾಗಿ ಹಿಂದೆ ಬಂದ ಗಾಳಿ ಬಾಲದ ಎಡಮೈಗೆ ಬಡಿದು ಮೂಗನ್ನು ಎಡಕ್ಕೆ ತಿರುಗಿಸುತ್ತದೆ. ಏರುವಾಗ ಬಲ ಪೆಡಲ್ ಒತ್ತಬೇಕಾಗುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಒಮ್ಮೆ ಪೂರ್ತಿ ಶಕ್ತಿಯಲ್ಲಿ, ಒಮ್ಮೆ ಥ್ರಾಟಲ್ ಇಳಿಸಿ ಹಾರಿ ನೋಡಬೇಕು. ಶಕ್ತಿಯೊಂದಿಗೆ ಓರೆಯೂ ಬದಲಾದರೆ ಅದು ಪ್ರೊಪೆಲ್ಲರ್ ಪ್ರಭಾವ. ಎರಡರಲ್ಲೂ ಒಂದೇ ಕಡೆಗೆ ಎಳೆದರೆ ವಿಮಾನದ ಮೈಯಲ್ಲೇ ಏನೋ ಸೊಟ್ಟಗಿದೆ.

ಸೊಟ್ಟ ಹುಡುಕುವ ಮುನ್ನ, ದೂರು ಹೇಳುತ್ತಿರುವ ಉಪಕರಣವನ್ನೇ ಪರೀಕ್ಷಿಸಬೇಕು. ಬಾಗಿದ ಗಾಜಿನ ಕೊಳವೆಯಲ್ಲಿ ಉರುಳುವ ಗುಂಡು ನಡುವೆ ನಿಂತರೆ ಹಾರಾಟ ನೇರ ಎಂದರ್ಥ. ಆದರೆ ಕೊಳವೆಯನ್ನೇ ವಾರೆಯಾಗಿ ಕೂರಿಸಿದ್ದರೆ? ನೆಲದ ಮೇಲೆ ರಸಮಟ್ಟ ಇಟ್ಟು ವಿಮಾನವನ್ನು ಅಡ್ಡಡ್ಡ ಸಮಮಾಡಿದಾಗ ಗುಂಡು ನಡುವೆಯೇ ನಿಲ್ಲಬೇಕು. ರೈಟ್ ಸಹೋದರರು ವಿಮಾನದ ಮುಂಭಾಗಕ್ಕೆ ಒಂದು ದಾರ ಕಟ್ಟಿ ಓರೆ ಗುರುತಿಸುತ್ತಿದ್ದರು. ಅವರ ಪ್ರೊಪೆಲ್ಲರ್‌ಗಳು ಹಿಂದಿದ್ದುದರಿಂದ ದಾರಕ್ಕೆ ಶುದ್ಧ ಗಾಳಿ ಸಿಗುತ್ತಿತ್ತು. ಗ್ಲೈಡರ್‌ಗಳಲ್ಲಿ ಇಂದಿಗೂ ಅದೇ ದಾರ ಇದೆ. ಮೂಗಿನಲ್ಲೇ ಪ್ರೊಪೆಲ್ಲರ್ ಇರುವ ವಿಮಾನದಲ್ಲಿ ಅದನ್ನು ನಂಬುವಂತಿಲ್ಲ.

ಇನ್ನು ರೆಕ್ಕೆ. ಒಂದು ರೆಕ್ಕೆ ಭಾರವಾಗಿದ್ದರೆ ಪೈಲಟ್ ತನಗರಿವಿಲ್ಲದೆ ಸ್ಟಿಕ್ ವಾಲಿಸಿ ಹಿಡಿದಿರುತ್ತಾನೆ, ಗುಂಡು ಸರಿಯುವುದು ಅದರಿಂದ. ಎರಡೂ ಟ್ಯಾಂಕಿನ ಇಂಧನ ಸಮಮಾಡಿ, ಪೆಡಲ್‌ನಿಂದ ಗುಂಡನ್ನು ನಡುವೆ ನಿಲ್ಲಿಸಿ, ಸ್ಟಿಕ್ ಬಿಟ್ಟು ನೋಡಿ. ರೆಕ್ಕೆ ಬಿದ್ದರೆ ಹುಡುಕಾಟ ಬಾಲದಲ್ಲಲ್ಲ, ರೆಕ್ಕೆಯಲ್ಲಿ, ಅದರ ಹಿಂದಂಚಿನಲ್ಲಿ ಮೇಲೆ ಕೆಳಗೆ ಆಡುವ ಏಲಿರಾನ್‌ನಲ್ಲಿ.

ನನ್ನ ಮಟ್ಟಿಗೆ ಮೊದಲ ಗುಮಾನಿ ಚಕ್ರಗಳ ಕವಚದ ಮೇಲೆ. ನೋಡಲು ಅಲಂಕಾರದಂತಿದ್ದರೂ ಓರೆಯಾಗಿ ಕೂತ ಕವಚ ವೇಗದ ಗಾಳಿಯಲ್ಲಿ ಚುಕ್ಕಾಣಿಯ ಕೆಲಸವನ್ನೇ ಮಾಡುತ್ತದೆ. ಅವನ್ನು ಕಳಚಿ ಒಮ್ಮೆ ಹಾರಿ ಬಂದರೆ ವಿಷಯ ತಿಳಿಯುತ್ತದೆ. ಗುಂಡು ನಡುವೆ ಬಂತೋ, ಕಳ್ಳ ಸಿಕ್ಕ. ಮತ್ತೆ ಕೂರಿಸುವಾಗ ವಿಮಾನವನ್ನು ಜ್ಯಾಕ್ ಮೇಲೆತ್ತಿ ಚಕ್ರದ ಮೇಲಿನ ಭಾರ ತೆಗೆಯಬೇಕು, ಏಕೆಂದರೆ ನೆಲದ ಮೇಲೆ ಅಗಲಿಸಿ ನಿಲ್ಲುವ ಕಾಲುಗಳು ಆಕಾಶದಲ್ಲಿ ಹಾಗಿರುವುದಿಲ್ಲ. ತೂಗುಗುಂಡು ಇಳಿಬಿಟ್ಟು ವಿಮಾನದ ನಡುಗೆರೆಯನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಎಳೆದು, ಪ್ರತಿ ಕವಚದ ಮುಂದುಹಿಂದು ಆ ಗೆರೆಯಿಂದ ಎಷ್ಟು ದೂರ ಎಂದು ಅಳೆಯಬೇಕು. ಒಂದು ಹಾರಾಟಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದು ಫಲಿಸಿತೆಂದು ತಿಳಿಯದು.

ರಡ್ಡರಿನ ಅಂಚಿಗೆ ಸಣ್ಣ ಟ್ರಿಮ್ ಪಟ್ಟಿ ಅಂಟಿಸುವುದು ಇಷ್ಟೆಲ್ಲ ಆದಮೇಲೆ. ಮೊದಲೇ ಅಂಟಿಸಿದರೆ ಗುಂಡು ನಡುವೆ ಬರುತ್ತದೆ, ಸೊಟ್ಟ ಹಾಗೇ ಉಳಿದು ವೇಗವನ್ನು ತಿನ್ನುತ್ತದೆ. ರಡ್ಡರ್ ಬಲಕ್ಕೆ ತಿರುಗಬೇಕಿದ್ದರೆ ಪಟ್ಟಿ ಎಡಕ್ಕೆ ಬಾಗಿರಬೇಕು. ಅದನ್ನು ಸಮಮಟ್ಟದಲ್ಲಿ ನೇರವಾಗಿ ಹಾರುವ ವೇಗಕ್ಕೆ ಹೊಂದಿಸಿದರೆ ಸಾಕು; ಏರುವಾಗ ಬಲ ಪೆಡಲ್ ಒತ್ತುವುದು ತಪ್ಪುವುದಿಲ್ಲ.